ಡೀಪ್ ಸ್ಲೀಪ್ ಬೋರ್ಡ್ ತರಿಸುವವರೇ, ಆ ‘10 ಮೈಕ್ರೋ ಆಂಪಿಯರ್’ ನಂಬಬೇಡಿ

ಬ್ಯಾಟರಿಯಲ್ಲಿ ಓಡುವ ವೈಫೈ ಸೆನ್ಸರ್ ಮಾಡಲು ಇಎಸ್‌ಪಿ32 ಡೆವ್ ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ ಕೂರಿಸಿದ ಬೋರ್ಡ್) ಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಸಾಧನಕ್ಕೆಂದು ಆನ್‌ಲೈನ್ ಅಂಗಡಿಯೊಂದರಿಂದ ಬೋರ್ಡುಗಳನ್ನೂ 18650 ಸೆಲ್‌ಗಳನ್ನೂ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಬ್ಯಾಟರಿ) ತರಿಸಿದ್ದೆ. ‘ಡೀಪ್ ಸ್ಲೀಪ್‌ನಲ್ಲಿ 10 ಮೈಕ್ರೋ ಆಂಪಿಯರ್, ಒಂದೇ ಸೆಲ್‌ನಲ್ಲಿ ವರ್ಷಗಟ್ಟಲೆ ಬಾಳಿಕೆ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ವಾರ ತುಂಬುವ ಮೊದಲೇ ತೋಟದಿಂದ ಬರುತ್ತಿದ್ದ ರೀಡಿಂಗ್ ನಿಂತುಹೋಯಿತು.

ಡೀಪ್ ಸ್ಲೀಪ್ ಅಂದರೆ ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಚಿಪ್ ಹೋಗುವ ಗಾಢ ನಿದ್ದೆ. ಆ 10 ಮೈಕ್ರೋ ಆಂಪಿಯರ್ ಬರೀ ಚಿಪ್‌ನ ಲೆಕ್ಕ. ಬೋರ್ಡಿನದಲ್ಲ. ಚಿಪ್ ಮಲಗಿದರೂ ಪಕ್ಕದಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ಬ್ಯಾಟರಿಯ ವೋಲ್ಟೇಜನ್ನು ಚಿಪ್‌ಗೆ ಬೇಕಾದ 3.3 ವೋಲ್ಟ್‌ಗೆ ಇಳಿಸುವ ಭಾಗ) ಸುಮ್ಮನೆ ಕೂತೇ 5 ಮಿಲಿ ಆಂಪಿಯರ್ ಆಸುಪಾಸು ತಿನ್ನುತ್ತದೆ. ಸದಾ ಉರಿಯುವ ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಎಲ್ಲ ಸೇರಿ ನನ್ನ ಬೋರ್ಡ್ ನಿದ್ದೆಯಲ್ಲೇ ಸುಮಾರು 10 ಮಿಲಿ ಆಂಪಿಯರ್ ಎಳೆಯುತ್ತಿತ್ತು. ಹೇಳಿದ್ದರ ಸಾವಿರ ಪಟ್ಟು! ಅಂದರೆ ದಿನಕ್ಕೆ 240 ಮಿಲಿ ಆಂಪಿಯರ್ ಅವರ್ ಖರ್ಚು; ಜಾಹೀರಾತಿನ ಲೆಕ್ಕ ನಿಜವಾಗಿದ್ದರೆ ವರ್ಷವಿಡೀ ಮಲಗಿದ್ದರೂ 88 ಮಿಲಿ ಆಂಪಿಯರ್ ಅವರ್ ದಾಟಬಾರದಿತ್ತು.

ಇನ್ನೊಂದು ಕಾಟ ಇದೇ ರೆಗ್ಯುಲೇಟರಿನದು. 3.3 ವೋಲ್ಟ್ ಕೊಡಬೇಕಾದರೆ ಅದಕ್ಕೆ ಮೇಲೆ ಇನ್ನೂ ಸುಮಾರು 1 ವೋಲ್ಟ್ ಬೇಕು. ಸೆಲ್ 3.7ಕ್ಕೆ ಇಳಿದಾಗ, ಅಂದರೆ ಇನ್ನೂ ಅರ್ಧದಷ್ಟು ಚಾರ್ಜ್ ಇರುವಾಗಲೇ, ವೈಫೈ ಆನ್ ಆದ ಕೂಡಲೇ ವೋಲ್ಟೇಜ್ ಕುಸಿದು ಬ್ರೌನ್‌ಔಟ್ (ವೋಲ್ಟೇಜ್ ಸಾಲದೆ ಚಿಪ್ ನಿಲ್ಲುವುದು), ರೀಸ್ಟಾರ್ಟ್, ಮತ್ತೆ ಬ್ರೌನ್‌ಔಟ್.

ಸೆಲ್‌ಗಳ ಕಥೆ ಕೇಳಲೇಬೇಡಿ. ಮೇಲೆ 9800 ಮಿಲಿ ಆಂಪಿಯರ್ ಅವರ್ ಅಂತ ಅಚ್ಚು ಹಾಕಿದ್ದಾರೆ. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ 3500ರ ಸುತ್ತಮುತ್ತ ನಿಲ್ಲುತ್ತದೆ. ತೂಕ ನೋಡಿ: ಅಸಲಿ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ತೀರಾ ಹಗುರವಿದ್ದರೆ ವಾಪಸ್ ಕಳಿಸಿ.

ಅಂಗಡಿಯವರಿಗೆ ದೂರು ಕೊಟ್ಟರೆ, ‘ಪಿನ್ ಬೆಸುಗೆ ಹಾಕಿದ್ದೀರಿ ಸರ್, ರಿಟರ್ನ್ ಇಲ್ಲ’ ಅಂದರು. ಜೊತೆಗೆ ಒಂದು ಉಪದೇಶ ಬೇರೆ: ‘ರೆಗ್ಯುಲೇಟರ್ ಬಿಟ್ಟು ಸೆಲ್ ಅನ್ನು ನೇರ 3.3 ಪಿನ್‌ಗೆ ಕೊಡಿ.’ ದಯವಿಟ್ಟು ಹಾಗೆ ಮಾಡಬೇಡಿ. ತುಂಬಿದ ಲಿಥಿಯಂ ಅಯಾನ್ ಸೆಲ್ 4.2 ವೋಲ್ಟ್ ಇರುತ್ತದೆ, ಇಎಸ್‌ಪಿ32 ತಡೆಯುವುದು 3.6 ತನಕ. ಚಿಪ್ ಸುಟ್ಟರೆ ಅದಕ್ಕೂ ‘ರಿಟರ್ನ್ ಇಲ್ಲ’ ಅಂತಲೇ ಅನ್ನುತ್ತಾರೆ.

ಕೊಳ್ಳುವಾಗ ‘ಇಡೀ ಬೋರ್ಡಿನ ಸ್ಲೀಪ್ ಕರೆಂಟ್ ಎಷ್ಟು, ರೆಗ್ಯುಲೇಟರ್ ಯಾವುದು’ ಅಂತ ಬರಹದಲ್ಲೇ ಕೇಳಿ. ಉತ್ತರಕ್ಕೆ ಬದಲಾಗಿ ಚಿಪ್‌ನ ಡೇಟಾಶೀಟ್ (ತಯಾರಕರ ವಿವರಪತ್ರ) ಕಳಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಮೊದಲು ಒಂದೇ ಒಂದು ಬೋರ್ಡ್ ತರಿಸಿ, ಪಿನ್ ಬೆಸೆಯುವ ಮುಂಚೆ ಅಳೆಯಿರಿ. ಮಲ್ಟಿಮೀಟರನ್ನು ಮೈಕ್ರೋ ಆಂಪಿಯರ್‌ಗೆ ಇಟ್ಟು, ಬ್ಯಾಟರಿಗೂ ಬೋರ್ಡಿಗೂ ನಡುವೆ ಸೇರಿಸಿ ಬೋರ್ಡ್ ಆನ್ ಮಾಡಿದರೆ ಮೀಟರಿನಲ್ಲೇ ವೋಲ್ಟೇಜ್ ಬಿದ್ದು ಬೋರ್ಡ್ ಏಳುವುದಿಲ್ಲ. ಹಾಗಾಗಿ ಮೀಟರಿನ ಎರಡು ಪ್ರೋಬ್‌ಗಳಿಗೆ ಅಡ್ಡಲಾಗಿ ತುಂಡು ವೈರ್ ಕೊಟ್ಟಿರಿ. ಬೋರ್ಡ್ ನಿದ್ದೆಗೆ ಜಾರಿದ ಮೇಲೆ ಅದನ್ನು ತೆಗೆದು ರೀಡಿಂಗ್ ನೋಡಿ, ಮತ್ತೆ ಏಳುವ ಮುಂಚೆ ವಾಪಸ್ ಹಾಕಿಬಿಡಿ.