ಫೋಮ್ ಅಂಟಿಸಿದರೆ ಸದ್ದು ನಿಲ್ಲುವುದಿಲ್ಲ: ಅಡಿಕೆ ಕೋಣೆಯಲ್ಲಿ ನಾನು ಕಟ್ಟಿದ ಸ್ಟುಡಿಯೋ

ಕಳೆದ ವರ್ಷ ಆಶ್ಲೇಷ ಮಳೆ ಹಿಡಿದ ಎರಡನೆಯ ದಿನ ಮಧ್ಯಾಹ್ನ ನಾನು ನನ್ನದೇ ಸ್ಟುಡಿಯೋದೊಳಗೆ ಸಿಕ್ಕಿಬಿದ್ದೆ. ಬಾಗಿಲು ನೀರು ಕುಡಿದು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡಿತ್ತು. ಒಳಗಿನಿಂದ ಎಳೆಯಲು ಹಿಡಿಕೆ ಇರಲಿಲ್ಲ. ಹಿಡಿಕೆಗೆಂದು ತೂತು ಕೊರೆದರೆ ಅಲ್ಲಿಂದ ಸದ್ದು ನುಗ್ಗುತ್ತದೆ ಎಂದು ನಾನೇ ಬೇಡವೆಂದಿದ್ದೆ. ಮೊಬೈಲ್ ಇತ್ತು, ಆದರೆ ಆ ಕೋಣೆಯಲ್ಲಿ ಸಿಗ್ನಲ್ ಸಿಕ್ಕಿದ್ದು ಯಾವತ್ತೂ ಇಲ್ಲ. ನಲವತ್ತು ನಿಮಿಷ ಬಾಗಿಲು ಬಡಿದೆ, ಕೂಗಿದೆ, ಕೊನೆಗೆ ಅತ್ತೇಬಿಟ್ಟೆ. ಕಾಫಿಯ ಹೊತ್ತಿಗೆ ಅತ್ತೆ ಬಂದು ಹೊರಗಿನಿಂದ ಭುಜ ಕೊಟ್ಟು ತಳ್ಳಿದರು.

“ನಾನು ಕೂಗಿದ್ದು ಕೇಳಿಸಲಿಲ್ಲವೇ ಅತ್ತೆ?” ಎಂದೆ.

“ಕೇಳಿಸದೆ ಏನು, ಹಿತ್ತಲಿನವರೆಗೂ ಕೇಳಿಸಿತು. ಕತೆಯಲ್ಲಿ ಯಾರನ್ನೋ ಹುಲಿ ಹಿಡಿದಿರಬೇಕು ಎಂದುಕೊಂಡೆ” ಎಂದರು.

1,86,000 ರೂಪಾಯಿ ಸುರಿದು ಕಟ್ಟಿದ ‘ಸೌಂಡ್‌ಪ್ರೂಫ್’ ಕೋಣೆಯ ಬಗ್ಗೆ ಅದಕ್ಕಿಂತ ನಿಖರವಾದ ಪರೀಕ್ಷಾ ವರದಿಯನ್ನು ಯಾವ ಎಂಜಿನಿಯರ್ ಕೂಡ ಬರೆದುಕೊಡಲಾರ. ಆಗಿನ ದರದಲ್ಲಿ ಅದು ಸುಮಾರು ನಾಲ್ಕು ಕ್ವಿಂಟಲ್ ಅಡಿಕೆಯ ದುಡ್ಡು. ನಮ್ಮ ಕಡೆ ಮನೆಯಲ್ಲೇ ಧ್ವನಿಮುದ್ರಣ ಮಾಡಲು ಹೊರಟಿರುವವರು ಈಗ ಬಹಳ ಜನರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಬಸ್ ಇಳಿದು ಎರಡು ಕಿಲೋಮೀಟರ್ ಒಳಗೆ ನಡೆದರೆ ನಮ್ಮ ಮನೆ. ಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿದ್ದಾಗ ಗಂಟೆಯ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿಯುತ್ತಿದ್ದೆ. ಊರಿಗೆ ಬಂದಮೇಲೆ ಜಗಲಿಯ ಪಕ್ಕದ ಹಳೆಯ ಅಡಿಕೆ ಕೋಣೆ ಕಣ್ಣಿಗೆ ಬಿತ್ತು. ಹತ್ತು ಅಡಿಗೆ ಹನ್ನೆರಡು ಅಡಿ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಹೆಂಚು. ಅಡಿಕೆ ಮೂಟೆಗಳ ನಡುವೆ ನಿಂತು ಮಾತಾಡಿದರೆ ಧ್ವನಿ ಮೆತ್ತಗೆ, ಹತ್ತಿರದಲ್ಲಿ ಕೇಳುತ್ತಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಕೊಯ್ಲು ಮುಗಿದು ಮೂಟೆಗಳು ಮಂಡಿಗೆ ಹೋದಮೇಲೆ ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿದೆ. ಎರಡು ತಿಂಗಳು ವಿಡಿಯೋ ನೋಡಿ ನೋಡಿ ತಲೆ ತುಂಬಾ ಜ್ಞಾನ. ಗೋಡೆಗೆ ಮರದ ರೀಪು ಹೊಡೆಸಿ, ಸಂದಿಗೆ ಥರ್ಮೋಕೋಲ್ ತುಂಬಿಸಿ, ಮೇಲೆ ಪ್ಲೈವುಡ್ ಹೊಡೆಸಿ, ಅದರ ಮೇಲೆ ಎರಡಿಂಚು ದಪ್ಪದ, ಒಂದು ಅಡಿ ಚೌಕದ 240 ಫೋಮ್ ತುಂಡುಗಳನ್ನು ನಾನೇ ಕೈಯಾರೆ ಅಂಟಿಸಿದೆ. ಪ್ಯಾಕೆಟ್ಟಿನ ಮೇಲೆ ‘ಸೌಂಡ್‌ಪ್ರೂಫ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಕೆಳಗೆ ‘ಬೆಂಕಿ ಹಿಡಿಯದು’ ಎಂದೂ ಇತ್ತು. ಇದ್ದ ಒಂದು ಕಿಟಕಿಯನ್ನೂ, ಮುಚ್ಚಿಗೆಯ ಕೆಳಗಿನ ಗಾಳಿಕಿಂಡಿಯನ್ನೂ ಮುಚ್ಚಿಸಿದೆ. ಬಡಗಿ ಆಚಾರ್ಯರು ಒಮ್ಮೆ ಕೈ ನಿಲ್ಲಿಸಿ, “ಅಮ್ಮಾ, ಅಡಿಕೆಗೇ ಗಾಳಿ ಬೇಕು ಎಂದು ಹಿಂದಿನವರು ಕಿಂಡಿ ಇಟ್ಟಿದ್ದರು. ನಿಮಗೆ ಬೇಡವೇ?” ಎಂದು ಕೇಳಿದರು. ಸದ್ದಿನ ವಿಜ್ಞಾನ ಅವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ನಕ್ಕೆ.

ಮಾರ್ಚ್‌ನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲವೂ ಚೆನ್ನಾಗಿತ್ತು. ಇರಲೇಬೇಕು, ಮಾರ್ಚ್‌ ತಿಂಗಳ ಮಧ್ಯರಾತ್ರಿ ನಮ್ಮ ಊರಿನಲ್ಲಿ ಅಂಗಳದಲ್ಲಿ ನಿಂತು ಮುದ್ರಿಸಿದರೂ ಚೆನ್ನಾಗಿಯೇ ಇರುತ್ತದೆ. ಮಲೆನಾಡಿನ ಕೋಣೆಗೆ ಪರೀಕ್ಷೆ ಇರುವುದು ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆರಿದ್ರ ಮಳೆಯ ಮೊದಲ ಹೊಡೆತಕ್ಕೆ ನನ್ನ ಸ್ಟುಡಿಯೋ ಡೋಲಿನ ಹೊಟ್ಟೆಯಾಯಿತು. ಅಂಗಳಕ್ಕೆ ಹೊದಿಸಿದ ತಗಡಿನ ಮೇಲೆ ಬೀಳುವ ಮಳೆ, ಮಾಡಿನ ದೋಣಿಯಿಂದ ಧುಮುಕುವ ನೀರು, ಕಪ್ಪೆ, ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಪಂಪಿನ ಎಂಜಿನ್, ಅಡುಗೆಮನೆಯ ಗ್ರೈಂಡರ್, ಎಲ್ಲವೂ ಹಾಜರಿ ಹಾಕಿದವು. ಆಡಿಯೋ ಪುಸ್ತಕ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಮಾತಿನ ನಡುವಿನ ಮೌನ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಎನ್ನುತ್ತಾರೆ. ನನ್ನ ಕಡತದಲ್ಲಿ ಅದು ಮೈನಸ್ 41, ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಹೆಚ್ಚು. ಒಂದೇ ವಾರದಲ್ಲಿ ಎರಡು ಪುಸ್ತಕ ವಾಪಸ್ ಬಂದವು.

ಮಾರಿದವರಿಗೆ ಫೋನ್ ಮಾಡಿದರೆ, “ನಿಮ್ಮ ಗೋಡೆ ಸರಿಯಿಲ್ಲ ಮೇಡಂ, ಇನ್ನೊಂದು ಪದರ ಹಾಕಿಸಿ” ಎಂದರು. ಗೋಡೆ ನಮ್ಮ ಅಜ್ಜನ ಮಾವನ ಕಾಲದ್ದು. ಆ ಕೋಣೆಯಲ್ಲಿ ಸರಿಯಿದ್ದದ್ದು ಅದೊಂದೇ ಎಂದು ನನಗೆ ತಿಳಿದದ್ದು ಆಮೇಲೆ.

ಫೋಮ್ ಸದ್ದನ್ನು ತಡೆಯುವುದಿಲ್ಲ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಅದೂ ತೀಕ್ಷ್ಣ ಸ್ವರಗಳನ್ನು ಮಾತ್ರ. ಎಂಜಿನ್ನಿನಂಥ ತಗ್ಗು ಸದ್ದಿನ, ಅಂದರೆ 100 ಹರ್ಟ್ಸ್‌ನ, ಒಂದು ಅಲೆಯ ಉದ್ದ ಹನ್ನೊಂದು ಅಡಿಯಷ್ಟಿರುತ್ತದೆ. ಅದಕ್ಕೆ ಎರಡಿಂಚು ಸ್ಪಂಜು ಯಾವ ಲೆಕ್ಕ? ಹಾಗಾಗಿ ಎಂಜಿನ್ನಿನ ಗುಡುಗುಡು ಹಾಗೆಯೇ ಒಳಗೆ ಬಂತು, ನನ್ನ ಧ್ವನಿಯ ಹೊಳಪು ಮಾತ್ರ ಹೋಯಿತು. ಕಂಬಳಿ ಹೊದ್ದು ಡಬ್ಬಿಯೊಳಗೆ ಕುಳಿತು ಓದಿದಂತೆ ಕೇಳುತ್ತಿತ್ತು. ಮೊಟ್ಟೆ ಟ್ರೇ ಅಂಟಿಸುವವರ ಕತೆಯೂ ಇದೇ, ಅಥವಾ ಇನ್ನೂ ಕಡೆ. ಟ್ರೇ ಸಲಹೆ ಕೊಟ್ಟ ಪಕ್ಕದ ಮನೆಯ ಹುಡುಗನನ್ನು ನಾನು ಗೇಲಿ ಮಾಡಿದ್ದೆ. ಅವನಿಗೆ ಖರ್ಚಾಗುತ್ತಿದ್ದದ್ದು ಇನ್ನೂರು ರೂಪಾಯಿ.

ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಎರಡರಷ್ಟಾದರೆ ಹೆಚ್ಚೆಂದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ, ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನ್ನಿಸಲು 10 ಬೇಕು. ಒಂದೂವರೆ ಅಡಿ ಮಣ್ಣಿನ ಗೋಡೆಗೆ ಥರ್ಮೋಕೋಲ್ ಸೇರಿಸುವುದೆಂದರೆ ಆನೆಯ ಬೆನ್ನಿಗೆ ಹತ್ತಿ ಕಟ್ಟಿದ ಹಾಗೆ. ಇನ್ನು ರೀಪುಗಳನ್ನು ಹಳೆಯ ಗೋಡೆಗೇ ಮೊಳೆ ಹೊಡೆದು ಕೂರಿಸಿದ್ದರಿಂದ ಗ್ರೈಂಡರಿನ ಅದುರು ಗೋಡೆಯಿಂದ ರೀಪಿಗೆ, ರೀಪಿನಿಂದ ಪ್ಲೈವುಡ್ಡಿಗೆ ಸಲೀಸಾಗಿ ದಾಟಿತು. ಪ್ಲೈವುಡ್ ತಾನೇ ಸ್ಪೀಕರಿನಂತೆ ಅದುರತೊಡಗಿತು. ಒಳಗೋಡೆ ಹೊರಗೋಡೆಯನ್ನು ಮುಟ್ಟಲೇಬಾರದು ಎನ್ನುವುದು ಈ ವಿದ್ಯೆಯ ಮೊದಲ ಪಾಠ. ನಾನು ನೋಡಿದ ವಿಡಿಯೋಗಳಲ್ಲಿ ಅದು ಇರಲಿಲ್ಲವೋ, ಇದ್ದ ಕಡೆ ನಾನು ಓಡಿಸಿಕೊಂಡು ನೋಡಿದೆನೋ.

ಎಲ್ಲಕ್ಕಿಂತ ದೊಡ್ಡ ಕಳ್ಳ ಬಾಗಿಲು. ಪಕ್ಕದಲ್ಲಿ ಉಬ್ಬಿ ನನ್ನನ್ನು ಸೆರೆ ಹಿಡಿದ ಅದೇ ಬಾಗಿಲಿನ ಬುಡದಲ್ಲಿ ಅರ್ಧ ಇಂಚು ಸಂದಿ ಹಾಗೆಯೇ ಇತ್ತು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಆ ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಗಾಳಿ ಹೋಗುವಲ್ಲೆಲ್ಲ ಸದ್ದು ಹೋಗುತ್ತದೆ. ರೇಡಿಯೋ ನಿಲಯಗಳ ಸ್ಟುಡಿಯೋಗಳಿಗೆ ಒಂದರ ಹಿಂದೆ ಒಂದು ಎರಡು ಬಾಗಿಲು, ನಡುವೆ ಸಣ್ಣ ಜಾಗ ಇಡುವುದು ಇದಕ್ಕಾಗಿಯೇ.

ಆದರೆ ನಮ್ಮ ಸೀಮೆಯ ಪೇಚು ಇರುವುದೇ ಇಲ್ಲಿ. ಸದ್ದು ತಡೆಯಬೇಕೆಂದರೆ ಗಾಳಿ ತಡೆಯಬೇಕು. ಮಲೆನಾಡಿನಲ್ಲಿ ಗಾಳಿ ತಡೆದ ಕೋಣೆ ಕೊಳೆಯುತ್ತದೆ. ಬಯಲುಸೀಮೆಯವರು, ಪೇಟೆಯವರು ಮಾಡಿದ ವಿಡಿಯೋಗಳಲ್ಲಿ ಈ ಮಾತು ಬರುವುದೇ ಇಲ್ಲ. ಪುಷ್ಯ ಮಳೆಯ ಹೊತ್ತಿಗೆ ಕೋಣೆಯಲ್ಲಿ ಮುಗ್ಗುಲು ವಾಸನೆ. ಒಂದು ಫೋಮ್ ತುಂಡು ಕಿತ್ತು ನೋಡಿದರೆ ಹಿಂಬದಿಯಲ್ಲಿ ಹಸಿರು-ಕಪ್ಪು ಬೂಷ್ಟು. ನಾನು ಗಂಟೆಗಟ್ಟಲೆ ಕುಳಿತು ಬಿಟ್ಟ ಉಸಿರಿನ ಪಸೆಯೂ ಹೋಗಲು ದಾರಿಯಿಲ್ಲದೆ ಗೋಡೆಗೇ ಸೇರಿತ್ತು. ನನಗೆ ಒಣಕೆಮ್ಮು ಹಿಡಿಯಿತು, ಧ್ವನಿಯನ್ನೇ ನಂಬಿ ಬದುಕುವವಳಿಗೆ. ಕಂಡೆನ್ಸರ್ ಮೈಕ್ ಪಸೆ ಹಿಡಿದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎನ್ನತೊಡಗಿತು. (ಅದನ್ನು ಈಗ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಪ್ಪಳದ ಡಬ್ಬಿಯಲ್ಲಿ ಇಡುತ್ತೇನೆ. ಬದುಕಿಕೊಂಡಿದೆ.)

ಬೂಷ್ಟು ಒಣಗಿಸಲು ನಾನು ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು. ಮಳೆಗಾಲದಲ್ಲಿ ಬಟ್ಟೆಯ ಬೀರುವಿನಲ್ಲಿ ಬಲ್ಬು ಉರಿಸಿಡುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಹಾಗೆಯೇ 100 ವ್ಯಾಟಿನ ಬಲ್ಬೊಂದನ್ನು ಸ್ಟುಡಿಯೋದ ಮೂಲೆಯಲ್ಲಿ ಇಳಿಬಿಟ್ಟು ಬಾಗಿಲು ಹಾಕಿ ಊಟಕ್ಕೆ ಹೋದೆ. ವೈರು ಜಾರಿ ಬಲ್ಬು ಫೋಮಿಗೆ ಒರಗಿತು. ಪುಣ್ಯಕ್ಕೆ ಕರೆಂಟ್ ಹೋಯಿತು. ಕರೆಂಟ್ ಹೋದದ್ದಕ್ಕೆ ನಾನು ಕೈ ಮುಗಿದದ್ದು ಜೀವನದಲ್ಲಿ ಅದೊಂದೇ ಸಲ. ಬಾಗಿಲು ತೆಗೆದಾಗ ತಟ್ಟೆಯಗಲದ ಜಾಗ ಕರಗಿ ಕಪ್ಪಾಗಿತ್ತು, ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಪಾಲಿಯುರಿಥೇನ್ ಫೋಮ್ ಉರಿದರೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾತ್ರವಲ್ಲ, ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ನೈಟ್‌ಕ್ಲಬ್ ಒಂದರಲ್ಲಿ, ಸದ್ದು ಅಡಗಿಸಲೆಂದು ಗೋಡೆಗೆ ಹಚ್ಚಿದ್ದ ಇಂಥದೇ ಫೋಮಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಾಗಿ 100 ಜನ ಸತ್ತರು. ನಾನು ಅದೇ ಫೋಮಿನ ನಡುವೆ, ಒಳಹಿಡಿಕೆಯಿಲ್ಲದ ಬಾಗಿಲು ಹಾಕಿಕೊಂಡು ದಿನಕ್ಕೆ ನಾಲ್ಕು ಗಂಟೆ ಕೂರುತ್ತಿದ್ದೆ. ‘ಬೆಂಕಿ ಹಿಡಿಯದು’ ಎಂಬ ಬರಹವನ್ನು ಪ್ರಮಾಣಪತ್ರ ಕಾಣದೆ ನಂಬಬೇಡಿ. ಒಳಗಿನಿಂದ ಒಂದೇ ಎಳೆತಕ್ಕೆ ತೆರೆಯದ ಬಾಗಿಲನ್ನು ಇಡಲೇಬೇಡಿ.

ಅಕ್ಟೋಬರಿನಲ್ಲಿ ಆಚಾರ್ಯರನ್ನೇ ಕರೆಸಿ ಎಲ್ಲ ಬಿಚ್ಚಿಸಿದೆ. ಪ್ಲೈವುಡ್ಡಿನ ಹಿಂದೆ ಒರಲೆ ಮಣ್ಣಿನ ಗೆರೆ ಎಳೆದು ಥರ್ಮೋಕೋಲಿನೊಳಗೆ ಸುರಂಗ ಕೊರೆದು ಮುಚ್ಚಿಗೆಯ ಹಲಗೆಯ ಹತ್ತಿರಕ್ಕೆ ಬಂದಿತ್ತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಮಾಡೇ ಹೋಗುತ್ತಿತ್ತು. ಆಚಾರ್ಯರು ಏನೂ ಅನ್ನಲಿಲ್ಲ. ಕಿಂಡಿಯ ಮೇಲಿನ ಹಲಗೆಯನ್ನು ಎಲ್ಲಕ್ಕಿಂತ ಮೊದಲು ಕಿತ್ತರು.

ಈಗ ಅದೇ ಕೋಣೆಯಲ್ಲಿ ಓದುತ್ತೇನೆ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಬುಡಕ್ಕೂ ಒಂದು, ಒಳಗೆ ಗಟ್ಟಿ ಹಿಡಿಕೆ. ಖರ್ಚು 900 ರೂಪಾಯಿ. ಬೆನ್ನ ಹಿಂದೆ ಹಳೆಯ ಹತ್ತಿ ಹಾಸಿಗೆ ನಿಲ್ಲಿಸಿದ್ದೇನೆ, ಎರಡು ಬದಿಗೆ ಕಂಬಳಿ ಗೋಡೆಯಿಂದ ನಾಲ್ಕು ಇಂಚು ಬಿಟ್ಟು ತೂಗುಹಾಕಿದ್ದೇನೆ, ಬಿಸಿಲು ಬಂದ ದಿನ ಎಲ್ಲವನ್ನೂ ಅಂಗಳಕ್ಕೆ ಹಾಕುತ್ತೇನೆ. ಗಾಳಿಕಿಂಡಿಗೆ ಅಂಕುಡೊಂಕಾದ ಮರದ ಪೆಟ್ಟಿಗೆ ಮಾಡಿಸಿ ಒಳಗೆ ಹಳೆ ಕಂಬಳಿ ಹೊಡೆಸಿದ್ದೇನೆ. ಗಾಳಿ ತಿರುಗಿ ತಿರುಗಿ ಬರುತ್ತದೆ, ಸದ್ದು ತಿರುವಿನಲ್ಲಿ ಸುಸ್ತಾಗುತ್ತದೆ. ಅಂಗಳದ ತಗಡಿನ ಮೇಲೆ ಅಡಿಕೆ ಸೋಗೆ ದಪ್ಪಗೆ ಹಾಸಬೇಕು ಎಂದದ್ದು ಅತ್ತೆ. ಸೋಗೆ ಮಾಡಿನ ಕಾಲದಲ್ಲಿ ಮಳೆ ಬಂದದ್ದು ತಿಳಿಯಬೇಕಾದರೆ ಹೊರಗೆ ಬಂದು ನೋಡಬೇಕಿತ್ತಂತೆ. ಹನಿ ತಗಡಿಗೆ ಬಡಿಯುವ ಮೊದಲೇ ಸೋಗೆಯಲ್ಲಿ ಸಾಯುತ್ತದೆ. ಬೇಸಿಗೆಗೆ ಮೊದಲು ಅದನ್ನು ತೆಗೆಯಬೇಕು, ಕಿಡಿ ಬಿದ್ದರೆ ಕಷ್ಟ. ಇಷ್ಟಾದರೂ ಜೋರು ಮಳೆಯಲ್ಲಿ ಮುದ್ರಿಸಲು ಆಗುವುದಿಲ್ಲ. ಹೊಳವಾದಾಗ ಓಡಿಹೋಗಿ ಒಂದು ಅಧ್ಯಾಯ ಓದುತ್ತೇನೆ, ಮತ್ತೆ ಹಿಡಿದರೆ ಎದ್ದು ಬಂದು ಅಡುಗೆಮನೆಯಲ್ಲಿ ಕೂರುತ್ತೇನೆ. ಪುಸ್ತಕ ಕೊಡುವವರಿಗೆ ಜುಲೈ, ಆಗಸ್ಟ್‌ನಲ್ಲಿ ಗಡುವು ಇಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಿತ್ತ ಫೋಮ್ ನಾಲ್ಕು ಗೋಣಿಚೀಲ ತುಂಬಾ ಅಟ್ಟದ ಮೇಲಿದೆ. ಸುಡುವಂತಿಲ್ಲ, ಹೂಳುವಂತಿಲ್ಲ. ಮೊನ್ನೆ ಸಾಗರದ ಕಡೆಯ ಹುಡುಗನೊಬ್ಬ ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಫೋನ್ ಮಾಡಿದ್ದ, ಗಿಟಾರ್ ಮುದ್ರಿಸಲು ಮನೆಯಲ್ಲೇ ಸ್ಟುಡಿಯೋ ಮಾಡುತ್ತಾನಂತೆ. ದುಡ್ಡಿನ ಆಸೆ ಒಂದು ಕ್ಷಣ ಬಂತು, ಸುಳ್ಳು ಹೇಳುವುದಿಲ್ಲ. ಕೊಡುವುದಿಲ್ಲ ಎಂದು ಹೇಳಿ, ಅವನ ಕೋಣೆಯ ಮಾಡು ಯಾವುದು ಎಂದು ವಿಚಾರಿಸಿದೆ.

“ತಗಡು ಅಕ್ಕಾ” ಎಂದ.

ಗೋಡೆಗೆ ಕೈ ಹಚ್ಚುವ ಮೊದಲು ಒಂದು ಮಳೆಗಾಲ ಆ ಕೋಣೆಯಲ್ಲಿ ಸುಮ್ಮನೆ ಮಲಗಿ ನೋಡು ಎಂದೆ.