ನಾಲ್ಕು ವೈರಿನ ಸೆನ್ಸರಿಗೆ ಅಂಗಡಿಯಲ್ಲಿ ಐದು ವೋಲ್ಟ್ ಕೊಡಿಸಬೇಡಿ

ಹಳೇ ಪ್ರಿಂಟರಿನಿಂದ ಬಿಚ್ಚಿದ ಡಿಸಿ ಮೋಟಾರು ಕೊಳ್ಳುವವರು, ಅದರಲ್ಲೂ ಹಿಂಬದಿಯಲ್ಲಿ ತಿರುಗುವುದನ್ನು ಅಳೆಯುವ ಗೆರೆ ಚಕ್ರ ಮತ್ತು ಪುಟ್ಟ ಆಪ್ಟಿಕಲ್ ಸೆನ್ಸರ್ ಇರುವಂಥದ್ದನ್ನು ಕೊಳ್ಳುವವರು, ಇದನ್ನೊಮ್ಮೆ ಓದಿ.

ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯೊಂದರಲ್ಲಿ ಅಂಥ ಎರಡು ಮೋಟಾರು ಸಿಕ್ಕವು. ಸೆನ್ಸರಿನ ಮೇಲೆ ನಂಬರಿಲ್ಲ, ಹಾಗಾಗಿ ಡೇಟಾಶೀಟೂ (ತಯಾರಕರ ವಿವರಪಟ್ಟಿ) ಇಲ್ಲ. ಹೊರಗೆ ನಾಲ್ಕು ವೈರು. "ಕೆಂಪು ಐದು ವೋಲ್ಟು, ಕಪ್ಪು ಗ್ರೌಂಡು, ಉಳಿದೆರಡು ಸಿಗ್ನಲ್ಲು. ಎಲ್ಲಾದ್ರಲ್ಲೂ ಹಿಂಗೇ ಸಾರ್" ಎಂದ ಅಂಗಡಿಯವರು, ನಾನು ಬೇಡ ಅನ್ನುವಷ್ಟರಲ್ಲಿ ಮೊಬೈಲ್ ಚಾರ್ಜರಿನ ವೈರು ಎಳೆದು ಒಂದು ಮೋಟಾರಿನ ಸೆನ್ಸರಿಗೆ ಮುಟ್ಟಿಸಿಯೇ ಬಿಟ್ಟರು. "ನೋಡಿ, ಹೊಗೆ ಬರ್ಲಿಲ್ಲ. ಓಕೆ ಪೀಸು."

ಇಂಥ ಸೆನ್ಸರಿನೊಳಗಿನ ಇನ್‌ಫ್ರಾರೆಡ್ ಎಲ್‌ಇಡಿ ಉರಿದರೂ ಕಣ್ಣಿಗೆ ಕಾಣದು, ಸತ್ತರೂ ಕಾಣದು. ಮನೆಯಲ್ಲಿ ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಹಾಕಿ ಕೆಂಪು-ಕಪ್ಪಿಗೆ ಹಿಡಿದರೆ, ಅವರು ಮುಟ್ಟಿಸಿದ್ದು ಎರಡೂ ದಿಕ್ಕಿನಲ್ಲಿ ಓಪನ್, ಅಂದರೆ ಕರೆಂಟೇ ಹರಿಯದು. ಮುಟ್ಟಿಸದೆ ಉಳಿದದ್ದು ಒಂದು ದಿಕ್ಕಿನಲ್ಲಿ 1.1 ವೋಲ್ಟ್ ತೋರಿಸಿತು. ಅಂದರೆ ಅದು ಬರೀ ಎಲ್‌ಇಡಿ. ರೆಸಿಸ್ಟರ್ ಇಲ್ಲದೆ 5 ವೋಲ್ಟ್ ಕೊಟ್ಟರೆ ಉಳಿಯುತ್ತದೆಯೇ?

ನಾಲ್ಕು ವೈರು ಎಂದರೆ ಎರಡು ಬೇರೆಬೇರೆ ವಸ್ತುಗಳಿರಬಹುದು, ಮೋಸ ಹೋಗುವುದು ಇಲ್ಲೇ. ಒಂದು, ಒಳಗೇ ಸರ್ಕ್ಯೂಟ್ ಇರುವ ಎನ್‌ಕೋಡರ್ (ತಿರುಗುವುದನ್ನು ಅಳೆಯುವ ಸೆನ್ಸರ್): ಸಪ್ಲೈ, ಗ್ರೌಂಡ್, ಎ ಮತ್ತು ಬಿ ಎಂಬ ಎರಡು ಸಿಗ್ನಲ್. ಇದಕ್ಕೆ ಸಾಮಾನ್ಯವಾಗಿ 5 ವೋಲ್ಟ್ ಸರಿ, ಆದರೆ ಉಲ್ಟಾ ಕೊಟ್ಟರೆ ಕೆಟ್ಟಂತೆಯೇ. ಇನ್ನೊಂದು, ಎಲ್‌ಇಡಿಗೆ ಎರಡು ವೈರು, ಬೆಳಕು ಬಿದ್ದಾಗ ಕರೆಂಟು ಹರಿಯಬಿಡುವ ಫೋಟೋಟ್ರಾನ್ಸಿಸ್ಟರಿಗೆ ಎರಡು. ಡಯೋಡ್ ಮೋಡಿನಲ್ಲಿ ಒಂದೇ ಜೋಡಿ, ಒಂದೇ ದಿಕ್ಕಿನಲ್ಲಿ 1.1 ಆಸುಪಾಸು ತೋರಿಸಿ ಮಿಕ್ಕೆಲ್ಲ ಓಪನ್ ಇದ್ದರೆ ಎರಡನೆಯದೇ. ಹಲವು ಜೋಡಿಗಳಲ್ಲಿ ಏನೇನೋ ರೀಡಿಂಗ್ ಬಂದರೆ ಒಳಗೆ ಸರ್ಕ್ಯೂಟ್ ಇದೆ ಎಂದು ಅನುಮಾನಿಸಿ.

ಎಲ್‌ಇಡಿ ಜೋಡಿಗೆ 220 ಓಮ್ಸ್ ಸೀರೀಸಿನಲ್ಲಿ ಹಾಕಿ 5 ವೋಲ್ಟ್ ಕೊಟ್ಟರೆ ಸುಮಾರು 17 ಮಿಲಿಆಂಪ್ಸ್ ಹರಿಯುತ್ತದೆ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಹೆಚ್ಚಿನವುಗಳಲ್ಲಿ ಮಸುಕು ನೇರಳೆ ಬೆಳಕು ಕಾಣುತ್ತದೆ. (ಹಿಂದಿನ ಕ್ಯಾಮೆರಾ ಅದನ್ನು ಸೋಸಿಬಿಡುವುದೇ ಹೆಚ್ಚು.) ಉಳಿದ ಜೋಡಿಯ ರೆಸಿಸ್ಟೆನ್ಸ್ ಅಳೆಯುತ್ತಾ ಸೆನ್ಸರನ್ನು ಬಿಸಿಲಿಗೆ ಹಿಡಿಯಿರಿ, ಧುತ್ತನೆ ಇಳಿಯಬೇಕು. ಇಳಿಯದಿದ್ದರೆ ಪ್ರೋಬ್ ಅದಲುಬದಲು ಮಾಡಿ. ಎಲ್‌ಇಡಿ ಟಾರ್ಚ್ ನಂಬಬೇಡಿ, ಅದರಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಎಮಿಟರ್ (ರೆಸಿಸ್ಟೆನ್ಸ್ ಇಳಿದಾಗ ಕಪ್ಪು ಪ್ರೋಬ್ ಇದ್ದ ಕಾಲು) ಗ್ರೌಂಡಿಗೆ, ಕಲೆಕ್ಟರಿಗೆ (ಇನ್ನೊಂದು ಕಾಲು) 10 ಕಿಲೋಓಮ್ಸ್ ಪುಲ್‌ಅಪ್, ಅಂದರೆ ಸಪ್ಲೈಗೆ ಕಟ್ಟುವ ರೆಸಿಸ್ಟರ್. ಸಿಗ್ನಲ್ ಓದುವುದು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಆದರೆ ಪುಲ್‌ಅಪ್ಪನ್ನು 3.3 ವೋಲ್ಟಿಗೇ ಕಟ್ಟಿ.

ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದು, ಅವರು ಹೇಳಿದ 'ಎರಡು ಸಿಗ್ನಲ್ಲು' ಒಂದೇ ಫೋಟೋಟ್ರಾನ್ಸಿಸ್ಟರಿನ ಎರಡು ಕಾಲುಗಳು. ಸಿಗ್ನಲ್ ಒಂದೇ. ಅದರಿಂದ ವೇಗ ಸಿಗುತ್ತದೆ, ತಿರುಗುವ ದಿಕ್ಕು ಸಿಗುವುದಿಲ್ಲ. ದಿಕ್ಕಿಗೆ ಒಂದಕ್ಕಿಂತ ಒಂದು 90 ಡಿಗ್ರಿ, ಅಂದರೆ ಕಾಲು ಆವರ್ತ, ಹಿಂದುಮುಂದಾಗಿ ಬರುವ ಎರಡು ಸಿಗ್ನಲ್ ಬೇಕು. ನನಗೆ ಬೇಕಿದ್ದದ್ದು ಅದೇ.

ವಾಪಸ್ ಕೇಳಿದ್ದಕ್ಕೆ, "ಇಲ್ಲಿಂದ ಹೋಗುವಾಗ ಚೆನ್ನಾಗೇ ಇತ್ತಲ್ಲ ಸಾರ್, ನಿಮ್ಮೆದುರೇ ಟೆಸ್ಟ್ ಮಾಡ್ಕೊಟ್ಟಿದ್ದೀವಿ" ಎಂಬ ಉತ್ತರ ಬಂತು.