ಬೀಡಿಂಗ್ ಮಶೀನಿಗೆ ಮೋಟರ್ ಕೂಡಿಸುವ ಮುಂಚೆ ಇದನ್ನು ಓದಿ

ಮನೆಯ ಶೆಡ್‌ನಲ್ಲಿ ತಗಡಿನ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ತಗಡಿಗೆ ಉಬ್ಬುಗೆರೆ ಎಳೆಯುವ ಕಡಿಮೆ ಬೆಲೆಯ ಕೈ ಮಶೀನ್ ತಂದು ಅದಕ್ಕೆ ಮೋಟರ್ ಕೂಡಿಸಬೇಕು ಅಂತ ಯೋಚಿಸುತ್ತಿರುವವರಿಗೆ. ನಾನು ಅದನ್ನೇ ಮಾಡಿದೆ. ಎಡಗೈ ತೋರುಬೆರಳಿನ ತುದಿ ಜಜ್ಜಿಹೋಯಿತು. ಮೂಳೆ ಮುರಿದು, ಒಳಗೆ ತಂತಿ ಹಾಕಿಸಿಕೊಳ್ಳಬೇಕಾಯಿತು. ಇದು ಇನ್ನೊಬ್ಬರಿಗೆ ಆಗಬಾರದು.

ನನ್ನ ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ಹಿತ್ತಲಲ್ಲಿ ಪತ್ರಾಸಿನ ಸಣ್ಣ ಶೆಡ್ ಇದೆ. ಹಳೆಯ ಜೀಪೊಂದನ್ನು ಎರಡು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಅದರ ನೆಲದ ತಗಡು ತುಕ್ಕು ಹಿಡಿದು ತೂತು ಬಿದ್ದಿತ್ತು. ಹೊಸ ತಗಡನ್ನು ಸುಮ್ನೆ ಕತ್ತರಿಸಿ ಕೂಡಿಸಿದರೆ ಆಗುವುದಿಲ್ಲ. ಚಪ್ಪಟೆ ತಗಡು ಕಾಲಿಟ್ಟಲ್ಲಿ ತಗ್ಗುತ್ತದೆ, ಗಾಡಿ ಓಡುವಾಗ ಡಬಡಬ ಅನ್ನುತ್ತದೆ. ಉದ್ದಕ್ಕೆ ಉಬ್ಬುಗೆರೆ ಎಳೆದರೆ ಅದೇ ತಗಡು ಗಟ್ಟಿಯಾಗುತ್ತದೆ. ಮನೆ ಮೇಲಿನ ಪತ್ರಾಸಿಗೆ ಅಲೆ ಇರುವುದೂ ಇದಕ್ಕೇ ಅಲ್ವಾ. ಆ ಗೆರೆ ಎಳೆಯುವುದೇ ಬೀಡಿಂಗ್ ಮಶೀನ್. ಮೇಲೊಂದು, ಕೆಳಗೊಂದು ಶಾಫ್ಟ್. ಅವುಗಳ ತುದಿಗೆ ರೋಲರ್. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು. ನಡುವೆ ತಗಡು ಇಟ್ಟು, ಮೇಲಿನ ಸ್ಕ್ರೂ ಬಿಗಿದು, ಹ್ಯಾಂಡಲ್ ತಿರುಗಿಸಬೇಕು.

ನಾನು ತಂದದ್ದು 14,000 ರೂಪಾಯಿಯದು. 18 ಗೇಜ್ ತಗಡಿನವರೆಗೆ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದವರೆಗೆ ನಡೆಯುತ್ತದೆ ಅಂದಿದ್ದರು. 22 ಗೇಜಿನ ತೆಳು ತಗಡಿಗೆ ಚೆನ್ನಾಗಿಯೇ ಇತ್ತು. 18 ಗೇಜ್ ಹಾಕಿದರೆ ಚೌಕಟ್ಟು ಬಾಯಿ ಬಿಡುತ್ತಿತ್ತು. ರೋಲರ್‌ಗಳು ದೂರ ಸರಿದು ಗೆರೆ ಆಳಕ್ಕೆ ಇಳಿಯುತ್ತಿರಲಿಲ್ಲ, ತಗಡು ಪಕ್ಕಕ್ಕೆ ಓಡುತ್ತಿತ್ತು. ಕಡಿಮೆ ಬೆಲೆಯ ಮಶೀನುಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ ಇದು.

ಹಾಗಾಗಿ ಒಂದೊಂದೇ ಸುಧಾರಣೆ ಶುರು ಮಾಡಿದೆ. ಮೊದಲು ಚೌಕಟ್ಟಿನ ಬೆನ್ನಿಗೆ ಬಾಕ್ಸ್ ಪೈಪ್ ವೆಲ್ಡ್ ಮಾಡಿದೆ. ಬಾಯಿ ಬಿಡುವುದು ನಿಂತಿತು. (ಪೈಪಿಗೆ ಸತುವಿನ ಲೇಪ ಇದ್ದರೆ ಉಜ್ಜಿ ತೆಗೆಯದೆ ವೆಲ್ಡ್ ಮಾಡಬೇಡಿ. ನಾನು ಬಾಗಿಲು ಹಾಕಿಕೊಂಡು ಮಾಡಿದೆ. ಆ ಹೊಗೆಗೆ ರಾತ್ರಿಯೆಲ್ಲ ಚಳಿಜ್ವರ ಬಂದಿತ್ತು.) ಆಮೇಲೆ ಮೇಲಿನ ಸ್ಕ್ರೂ. ಅದಕ್ಕೆ ಕೈಯಿಂದ ತಿರುಗಿಸುವ ಅಡ್ಡಪಟ್ಟಿ ಇತ್ತು. ಕೆಲಸದ ನಡುವೆ ಸಡಿಲ ಆಗುತ್ತದೆ ಅಂತ ಅದನ್ನು ತೆಗೆದು, 19ರ ಸ್ಪ್ಯಾನರ್ ಹಿಡಿಯುವ ಬೋಲ್ಟ್ ಹಾಕಿದೆ. ಕೊನೆಗೆ ಮೋಟರ್. ಹಳೇ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಅರ್ಧ ಎಚ್‌ಪಿ ಮೋಟರ್, 1:30ರ ವರ್ಮ್ ಗೇರ್‌ಬಾಕ್ಸ್ (ಮೋಟರ್ 30 ಸುತ್ತು ತಿರುಗಿದರೆ ರೋಲರ್ ಕಡೆ ಒಂದು ಸುತ್ತು) ಸಿಕ್ಕವು. ನಡುವೆ ಬೆಲ್ಟ್ ಹಾಕಿದೆ. ಸ್ವಿಚ್ ಅಂದರೆ ಗೋಡೆ ಮೇಲಿನ ಬೋರ್ಡಿನದು, ಅಷ್ಟೇ. ಖಂಡೇನವಮಿಗೆ ಎಲ್ಲ ಹತಾರಗಳ ಜೊತೆ ಇದಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಿದೆವು.

ಲೆಕ್ಕ ನಾನು ಆಮೇಲೆ ಹಾಕಿದೆ. ಮೋಟರ್ ನಿಮಿಷಕ್ಕೆ 1440 ಸುತ್ತು. ಗೇರ್‌ಬಾಕ್ಸ್ ದಾಟಿದ ಮೇಲೆ 48. ರೋಲರ್ 60 ಮಿಲಿಮೀಟರಿನದು, ಅದರ ಸುತ್ತಳತೆ ಸುಮಾರು 19 ಸೆಂಟಿಮೀಟರ್. ಅಂದರೆ ತಗಡು ಸೆಕೆಂಡಿಗೆ 15 ಸೆಂಟಿಮೀಟರ್ ಒಳಗೆ ಹೋಗುತ್ತದೆ. ನಿಮ್ಮ ಬೆರಳ ತುದಿಯಿಂದ 15 ಸೆಂಟಿಮೀಟರ್ ಅಳೆದು ನೋಡಿ. ಮಣಿಕಟ್ಟಿನ ಹತ್ತಿರ ಬರುತ್ತದೆ. ಒಂದೇ ಸೆಕೆಂಡಿನಲ್ಲಿ.

ದೀಪಾವಳಿ ಮುಗಿದ ವಾರ. ಅಂಗೈ ಅಗಲದ ಒಂದು ಸಣ್ಣ ತುಂಡಿಗೆ ಗೆರೆ ಎಳೆಯುತ್ತಿದ್ದೆ. ತಗಡಿನ ಅಂಚು ಕೊಯ್ಯುತ್ತದೆ ಅಂತ ದಾರದ ಕೈಗವಸು ಹಾಕಿದ್ದೆ. ತಗಡು ಸ್ವಲ್ಪ ಓರೆ ಆಯಿತು. ಸರಿಮಾಡಲು ಎಡಗೈ ಮುಂದೆ ಚಾಚಿದೆ. ಕೈಗವಸಿನ ತುದಿಯ ದಾರವನ್ನು ರೋಲರ್ ಹಿಡಿದುಕೊಂಡಿತು. ಎಳೆದುಕೊಳ್ಳಲು ಹೋದೆ, ಆಗಲಿಲ್ಲ. ಬೆರಳು ಒಳಗೆ ಹೋಯಿತು. ಸ್ವಿಚ್ ನನ್ನಿಂದ ಆರು ಅಡಿ ದೂರ.

ಮಗ ಕೂಗು ಕೇಳಿ ಓಡಿಬಂದು ಸ್ವಿಚ್ ಆರಿಸಿದ. ಅವನು ಬರುವಷ್ಟರಲ್ಲಿ ಬೆಲ್ಟ್ ಕಿರುಗುಟ್ಟುತ್ತಾ ಜಾರುತ್ತಿತ್ತು. ಬೆಲ್ಟ್ ಸಡಿಲ ಇತ್ತು, ಅದನ್ನು ಮಾರನೇ ದಿನ ಬಿಗಿಯಬೇಕು ಅಂತ ಇದ್ದೆ. ಬಿಗಿದಿದ್ದರೆ ಕೈಯೇ ಹೋಗುತ್ತಿತ್ತು.

ಮೋಟರ್ ನಿಂತರೂ ಬೆರಳು ಬಿಡಲಿಲ್ಲ. ವರ್ಮ್ ಗೇರನ್ನು ರೋಲರ್ ಕಡೆಯಿಂದ ಹಿಂದಕ್ಕೆ ತಿರುಗಿಸುವುದು ಬಹಳ ಕಷ್ಟ. ಮೇಲಿನ ಸ್ಕ್ರೂ ಸಡಿಲಿಸಿದರೆ ಮಾತ್ರ ಬಿಡುಗಡೆ. ಅಡ್ಡಪಟ್ಟಿ ಇದ್ದಿದ್ದರೆ ನಾನೇ ಬಲಗೈಯಿಂದ ಸಡಿಲಿಸುತ್ತಿದ್ದೆ. ಈಗ 19ರ ಸ್ಪ್ಯಾನರ್ ಬೇಕು. ಅದು ಜೀಪಿನ ಕೆಳಗೆಲ್ಲೋ ಬಿದ್ದಿತ್ತು. ಮಗ ಹುಡುಕಿ ತರುವವರೆಗೆ ನಾನು ಹಾಗೇ ನಿಂತಿದ್ದೆ. ಹೆಂಡತಿ ಬಂದು ಹೆಗಲು ಹಿಡಿದುಕೊಂಡಿದ್ದಳು.

ಆಸ್ಪತ್ರೆಯಲ್ಲಿ ಮೊದಲು ಉಂಗುರ ಕತ್ತರಿಸಿದರು. ಪಕ್ಕದ ಬೆರಳೂ ಬಾತು, ಉಂಗುರ ಸಿಕ್ಕಿಕೊಂಡಿತ್ತು. ಇಂಥದ್ದು ಆದರೆ ಬಾವು ಏರುವ ಮುಂಚೆಯೇ ಉಂಗುರ ತೆಗೆಯಿರಿ, ಶುದ್ಧ ಬಟ್ಟೆ ಒತ್ತಿ ಹಿಡಿದು, ಕೈ ಎತ್ತರದಲ್ಲಿಟ್ಟುಕೊಂಡು ಹೊರಡಿ. ಇನ್ನೂ ಒಳ್ಳೆಯದು, ಶೆಡ್‌ಗೆ ಹೋಗುವಾಗಲೇ ಉಂಗುರ ಮನೆಯಲ್ಲಿ ಬಿಡಿ.

ನೋಡಲು ಬಂದ ಕಾಕಾ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ಶೆಡ್‌ಗೆ ಹೋಗಿ ಮಶೀನ್ ಸುತ್ತಲೂ ನೋಡಿ ಬಂದು ನನ್ನ ಪಕ್ಕ ಕೂತರು. "ತಮ್ಮಾ, ಅದು ಸಡ್ಲ ಇತ್ತು, ಅದಕ್ಕ ಇಷ್ಟ ದಿನ ನಿನ್ನ ಬಟ್ಟು ಉಳದಿದ್ವು. ನೀ ಎಲ್ಲಾ ಬಿಗಿ ಮಾಡಿದಿ. ನಿಲ್ಲಸೂದು ಹ್ಯಾಂಗ ಅಂತ ಮೊದಲ ನೋಡಬೇಕಿತ್ತು" ಅಂದರು.

ಆ ಮಾತನ್ನು ನಾನು ತುಂಬಾ ದಿನ ಯೋಚಿಸಿದ್ದೇನೆ. ಹ್ಯಾಂಡಲ್ ಇದ್ದಾಗ ನನ್ನ ಒಂದು ಕೈ ಯಾವಾಗಲೂ ರೋಲರಿನಿಂದ ದೂರ ಇರುತ್ತಿತ್ತು. ಇನ್ನೊಂದು ಕೈ ಸಿಕ್ಕರೂ ತಿರುಗಿಸುವುದು ನಿಲ್ಲಿಸಿದರೆ ಸಾಕು, ಮಶೀನ್ ನಿಲ್ಲುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಬೆರಳು ಹೊರಗೆ. ಮೋಟರ್ ಹಾಕಿದಾಗ ನನಗೆ ಎರಡೂ ಕೈ ಖಾಲಿಯಾದವು ಅಂತ ಖುಷಿಪಟ್ಟೆ. ಖಾಲಿಯಾದ ಎರಡೂ ಕೈ ಹೋಗಿದ್ದು ರೋಲರ್ ಹತ್ತಿರಕ್ಕೇ. ಬಾಯಿ ಬಿಡುತ್ತಿದ್ದ ಚೌಕಟ್ಟು ಬೆರಳಿಗೂ ಒಂದಿಷ್ಟು ಜಾಗ ಬಿಟ್ಟುಕೊಡುತ್ತಿತ್ತು. ಅದನ್ನೂ ಮುಚ್ಚಿದೆ. ಅಗ್ಗದ ಮಶೀನಿನ ಕೊರತೆಗಳೇ ನನಗೆ ಕಾವಲಾಗಿದ್ದವು. ಅವನ್ನೆಲ್ಲ ತೆಗೆದೆ, ಬದಲಿಗೆ ಒಂದು ಕಾವಲನ್ನೂ ಕೂಡಿಸಲಿಲ್ಲ.

ಹಾಗಾದರೆ ಮೋಟರ್ ಹಾಕಲೇಬಾರದಾ? ಹಾಕಬಹುದು. ಆದರೆ ಗೋಡೆಯ ಸ್ವಿಚ್ ಮೇಲೆ ನಡೆಸಲೇಬೇಡಿ. ಕಾಲಿನಿಂದ ಒತ್ತಿದಷ್ಟು ಹೊತ್ತು ಮಾತ್ರ ನಡೆಯುವ, ಕಾಲೆತ್ತಿದರೆ ನಿಲ್ಲುವ ಫುಟ್ ಸ್ವಿಚ್ ಬೇಕು. ಮೇಲೆ ಏನಾದರೂ ಬಿದ್ದು ಒತ್ತಿಕೊಳ್ಳದ ಹಾಗೆ ಅದಕ್ಕೆ ಮುಚ್ಚಳ ಇರಲಿ. ಮೈ ತಗುಲಿದರೂ ನಿಲ್ಲುವ ಹಾಗೆ ದೊಡ್ಡ ಕೆಂಪು ಬಟನ್ ಎದುರಿಗೇ ಇರಲಿ. ರಿವರ್ಸ್ ಇರಲೇಬೇಕು. ಮೇಲಿನ ಸ್ಕ್ರೂ ಸ್ಪ್ಯಾನರ್ ಇಲ್ಲದೆ ಸಡಿಲ ಆಗಬೇಕು. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಬೇರೆ ಇದೆ. ಬೋರ್ಡಿನ ಸ್ವಿಚ್ ಹಾಕಿದ್ದು ಮರೆತು ತಗಡು ಸರಿಮಾಡುವಾಗ ಕರೆಂಟ್ ಬಂದರೆ ಮಶೀನ್ ತಾನೇ ಶುರುವಾಗುತ್ತದೆ. ಹೊಲದ ಮೋಟರಿಗೆ ಹಾಕುವಂಥ ಹಸಿರು-ಕೆಂಪು ಬಟನ್ನಿನ ಸ್ಟಾರ್ಟರ್ ಇದ್ದರೆ ಮತ್ತೆ ಒತ್ತುವವರೆಗೆ ಶುರುವಾಗುವುದಿಲ್ಲ. ಕರೆಂಟ್ ಬಂದ ಕೂಡಲೇ ತಾನೇ ಶುರು ಮಾಡುವ ಆಟೋ ಮಾತ್ರ ಅದಕ್ಕೆ ಕೂಡಿಸಬೇಡಿ.

ವೇಗ ಇಳಿಸಿ. 1:60ರ ಗೇರ್‌ಬಾಕ್ಸ್, ಜೊತೆಗೆ ಒಂದಕ್ಕೆ ಎರಡರ ಪುಲ್ಲಿ ಹಾಕಿದರೆ ನಿಮಿಷಕ್ಕೆ 12 ಸುತ್ತು. ಆಗ ತಗಡು ಸೆಕೆಂಡಿಗೆ 4 ಸೆಂಟಿಮೀಟರ್ ಕೂಡ ಸಾಗುವುದಿಲ್ಲ. ಆದರೆ ನೆನಪಿಡಿ, ವೇಗ ಇಳಿದಷ್ಟೂ ರೋಲರಿನ ಬಲ ಜಾಸ್ತಿ. ಸಿಗುವುದು ಕಾಲೆತ್ತುವಷ್ಟು ಹೊತ್ತು, ಅಷ್ಟೇ. ರೋಲರ್ ಮುಂದೆ ತಗಡು ಮಾತ್ರ ತೂರುವಷ್ಟು ಸಂದು ಬಿಟ್ಟು ಒಂದು ಪಟ್ಟಿ ಕೂಡಿಸಿ. ಕೈಗವಸು ಕತ್ತರಿಸುವಾಗ, ಹೊರುವಾಗ ಹಾಕಿ, ತಿರುಗುವ ರೋಲರ್ ಹತ್ತಿರ ಬೇಡವೇ ಬೇಡ. ಅಂಚನ್ನು ಮೊದಲೇ ಅರದಿಂದ ಉಜ್ಜಿದರೆ ಬರಿಗೈಗೆ ಕೊಯ್ಯುವುದಿಲ್ಲ.

ನನ್ನ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ತುದಿಗೆ ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಮೋಟರ್ ಕಳಚಿಟ್ಟಿದ್ದೇನೆ, ಮತ್ತೆ ಕೂಡಿಸಿಲ್ಲ. ಜೀಪಿನ ನೆಲಕ್ಕೆ ನಾಲ್ಕು ಗೆರೆ ಬಾಕಿ ಇವೆ. ಹ್ಯಾಂಡಲ್ ತಾನು ತಿರುಗಿಸುತ್ತೇನೆ, ನೀವು ತಗಡು ಹಿಡಿಯಿರಿ ಅಂತ ಮಗ ಮುಂದೆ ಬಂದ. ಬೇಡ ಅಂದೆ. ತಿರುಗಿಸುವ ಕೈ ಒಬ್ಬರದು, ರೋಲರ್ ಹತ್ತಿರದ ಕೈ ಇನ್ನೊಬ್ಬರದು ಆದರೆ ಅದೂ ಮೋಟರ್ ಇದ್ದ ಹಾಗೆಯೇ. ತಗಡಿನ ಆಚೆ ತುದಿಗೆ ಸ್ಟೂಲ್ ಆಸರೆ ಕೊಟ್ಟು, ಒಬ್ಬನೇ ತಿರುಗಿಸುತ್ತಿದ್ದೇನೆ.